ಕಲಿತ ತರುಣರು ಕಸುಬು ಆರಿಸುವ ಬಗೆ

ಮಿರಗದ ಮಳೆಗೆ ಮುಂಚೆ ಜಾಣ ರೈತನು ಸೋಯಾಬೀನ ಬೀಜವನ್ನು ಚೀಲದಿಂದ ನೇರವಾಗಿ ಕೂರಿಗೆಗೆ ಸುರಿಯುವದಿಲ್ಲ. 100 ಕಾಳು ಎಣಿಸಿ ತೆಗೆದು, ತೊಯ್ಸಿದ ಗೋಣಿತಟ್ಟಿನ ಮೇಲೆ ಹತ್ತು ಹತ್ತರ ಸಾಲು ಹಚ್ಚಿ, ಸುರುಳಿ ಸುತ್ತಿ ನೆರಳಿನಲ್ಲಿಟ್ಟು, ಐದಾರು ದಿನ ತೇವ ಆರದಂತೆ ಕಾಯುತ್ತಾನೆ. ಆ ಮೇಲೆ ಬಿಚ್ಚಿ ಎಣಿಸುತ್ತಾನೆ. 70 ಮೊಳೆತರೆ ಬೀಜ ಯೋಗ್ಯವೆಂದು ತಿಳಿಯುವದು. ಸ್ವಲ್ಪ ಕಡಿಮೆಯಾದರೆ ಬೀಜದ ಪ್ರಮಾಣ ಏರಿಸುವದು, ತೀರ ಕಡಿಮೆಯಾದರೆ ಬೀಜವನ್ನೇ ಬದಲಿಸುವದು. ಖರ್ಚಾದದ್ದು ಒಂದು ಮುಷ್ಟಿ ಕಾಳು, ಉಳಿದದ್ದು ಒಂದು ಹಂಗಾಮು.

ಅದೇ ರೈತನ ಮನೆಯಲ್ಲಿ ಪದವಿ ಮುಗಿಸಿದ ಮಗನೊಬ್ಬನು ಎರಡು ಮೂರು ವರ್ಷಗಳಿಂದ ಏನು ಮಾಡಬೇಕೆಂದು ತಿಳಿಯದೆ ಕುಳಿತಿರುತ್ತಾನೆ. ಅವನ ವಿಷಯ ಬಂದಾಗ ಮಾತ್ರ ಈ ನೂರು ಕಾಳಿನ ಯುಕ್ತಿ ಮನೆಯಲ್ಲಿ ಯಾರಿಗೂ ನೆನಪಾಗುವದಿಲ್ಲ. ಆದುದರಿಂದ ಈ ಸಲ ಬೆಳೆಯ ವಿಷಯ ಬದಿಗಿಟ್ಟು ಆ ಮಗನ ವಿಷಯ ಬರೆಯುತ್ತೇವೆ. ಕೃಷಿ ಪುಟದಲ್ಲಿ ಇದೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ನಾಳೆ ಆ ಹೊಲ ಯಾರ ಕೈಗೆ ಹೋಗುವದು, ಹೇಗೆ ಹೋಗುವದು ಎಂಬದು ಗೊಬ್ಬರದ ಪ್ರಶ್ನೆಗಿಂತ ಸಣ್ಣದಲ್ಲ.

ದೂಧಗಂಗೆಯ ದಂಡೆಯ ನಮ್ಮ ಸುಳಕೂಡದ ಸುತ್ತಮುತ್ತ ಕೆಲಸಕ್ಕೆ ಕೊರತೆ ಇದೆ ಎಂದು ಹೇಳಲು ಬರುವದಿಲ್ಲ. ಇಚಲಕರಂಜಿಯಲ್ಲಿ ಮಗ್ಗಗಳಿವೆ, 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದಾಗ ಅದು ಸಣ್ಣ ಜಹಗೀರಿಯ ಊರು, ಇಂದು ಮಗ್ಗದ ಸಪ್ಪಳವಿಲ್ಲದ ಓಣಿ ಹುಡುಕಬೇಕು. ಹುಪರಿಯಲ್ಲಿ ಬೆಳ್ಳಿಯ ಕೆಲಸ, ಕಾಗಲ ಮತ್ತು ಗೋಕುಳ ಶಿರಗಾಂವದ ಔದ್ಯೋಗಿಕ ವಸತಿಗಳು, ಕೊಲ್ಲಾಪುರದ ಎರಕದ ಕಾರಖಾನೆಗಳು, ಸಕ್ಕರೆ ಕಾರಖಾನೆಗಳು, ಹಾಲಿನ ಸಂಘಗಳು. ಇಷ್ಟೆಲ್ಲ ಇದ್ದೂ ನಮ್ಮ ತರುಣನು ನಮ್ಮ ಬಳಿಗೆ ಬಂದು, "ಮಾಸ್ತರ್ರೀ, ನನಗ ಏನೂ ತಿಳೀವಲ್ದು" ಎನ್ನುತ್ತಾನೆ. ಅವನು ಸೋಮಾರಿಯಲ್ಲ. ಅವನ ಕಾಲಿಗೆ ಕಟ್ಟಿದ ಹಗ್ಗಗಳು ಬೇರೆ ಇವೆ.

ಒಂದು, ಹೊಲ. ಅಜ್ಜನ ಎಂಟು ಎಕರೆ ಅಪ್ಪನಿಗೆ ಬರುವಾಗ ನಾಲ್ಕು, ಇವನಿಗೆ ಬರುವಾಗ ಎರಡು. ಇದನ್ನು ನಂಬಿ ಕೂಡ್ರಲಿಕ್ಕೂ ಆಗದು, ಬಿಟ್ಟು ಹೋಗಲಿಕ್ಕೂ ಮನಸ್ಸು ಬಾರದು. ಇನ್ನೊಂದು, ಕಬ್ಬು. ಈ ಮಾತನ್ನು ಹೆಚ್ಚು ಜನ ಲಕ್ಷಿಸುವದಿಲ್ಲ. ಆಷಾಢ ಶ್ರಾವಣದಲ್ಲಿ ನೆಟ್ಟ ಅಡಸಾಲಿ ಕಬ್ಬು ಹದಿನಾರು ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುವದು. ಸುರು ಕಬ್ಬಾದರೂ ಒಂದು ವರ್ಷ. ಹಣ ಬರುವದು ಒಮ್ಮೆ, ಅದೂ ಅಪ್ಪನ ಖಾತೆಗೆ, ಬಂದ ದಿನವೇ ಸೊಸಾಯಿಟಿಯ ಸಾಲಕ್ಕೆ ಅರ್ಧ ಹೋಗಿರುತ್ತದೆ. ಇಪ್ಪತ್ತೆರಡು ವರ್ಷದ ಮಗನ ಕಿಸೆಯಲ್ಲಿ ಬಸ್ಸಿನ ತಿಕೀಟಿನ ಹಣವೂ ತನ್ನದಲ್ಲ. ಕೊಲ್ಲಾಪುರಕ್ಕೆ ಹೋಗಿ ಒಂದು ಕೆಲಸ ನೋಡಿ ಬರಬೇಕಾದರೂ ಅಪ್ಪನ ಮುಂದೆ ಕೈ ಒಡ್ಡಬೇಕು, "ಯಾಕ? ಏನು? ಗ್ಯಾರಂಟಿ ಏನೈತಿ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ನೋಡದೆಯೇ ಗ್ಯಾರಂಟಿ ಎಲ್ಲಿಂದ ಕೊಟ್ಟಾನು? ಆಗ ಅವನಿಗೆ ಉಳಿಯುವ ಅಗ್ಗದ ದಾರಿ ಎಂದರೆ ಕಟ್ಟೆಯ ಮೇಲೆ ಕುಳಿತು ವಿಚಾರ ಮಾಡುವದು. ವಿಚಾರದಿಂದಲೇ ದಾರಿ ಸಿಗುವದೆಂದು ಅವನೂ ನಂಬಿರುತ್ತಾನೆ, ಮನೆಯವರೂ ನಂಬಿರುತ್ತಾರೆ. ಇದೇ ಮುಖ್ಯ ತೊಡಕು.

ಇದಕ್ಕೆ ನಮ್ಮ ಗಡಿಭಾಗದಲ್ಲಿಯೇ ಆಗಿಹೋದ ಒಬ್ಬರ ಉದಾಹರಣೆ ಕೊಡುತ್ತೇವೆ. ಕಿರ್ಲೋಸ್ಕರ ಎಂಬ ಹೆಸರನ್ನು ಪಂಪಿನ ಮೇಲೆ, ಎಂಜಿನಿನ ಮೇಲೆ ನೋಡದ ರೈತನಿಲ್ಲ. ಆ ಕಾರಖಾನೆಯ ಮೂಲಪುರುಷರಾದ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ 20ರಂದು. ಶಾಲೆಯ ಪುಸ್ತಕದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಚಿತ್ರ ತೆಗೆಯುವದು, ಯಂತ್ರಗಳನ್ನು ಕೈಯಾಡಿಸಿ ನೋಡುವದು, ಇವೆರಡೇ ಗೀಳು. ಅಣ್ಣನ ಆಸರೆಯಿಂದ 1885ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಲಿತ ಮೇಲೆ ಗೊತ್ತಾದ ಸಂಗತಿ, ಅವರ ಕಣ್ಣಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುವದಿಲ್ಲ ಎಂಬದು. ಚಿತ್ರಕಾರನಾಗಲು ಹೊರಟವನಿಗೆ ಬಣ್ಣವೇ ತಿಳಿಯದಿದ್ದರೆ ಮುಂದೇನು? ಇಂದಿನ ನಮ್ಮ ತರುಣನಾಗಿದ್ದರೆ ಊರಿಗೆ ಮರಳಿ ಬಾಗಿಲು ಹಾಕಿಕೊಳ್ಳುತ್ತಿದ್ದನು.

ಅವರು ಹಾಗೆ ಮಾಡಲಿಲ್ಲ. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ತೆಗೆಯಲು ಬಣ್ಣ ಬೇಕಿಲ್ಲವಲ್ಲ! ಆ ವಿದ್ಯೆಯ ಮೇಲೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ನಕ್ಷೆ ಕಲಿಸುವ ಮಾಸ್ತರರಾದರು. ಬಿಡುವಿನಲ್ಲಿ ಅಲ್ಲಿಯ ಯಂತ್ರಶಾಲೆಯಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡರು. ಮುಂಬಯಿಯಲ್ಲಿ ಸೈಕಲ್ಲು ಕಣ್ಣಿಗೆ ಬಿತ್ತು. ಅಣ್ಣನೊಡನೆ ಕೂಡಿ ಬೆಳಗಾವಿಯಲ್ಲಿ ಸೈಕಲ್ಲಿನ ವ್ಯಾಪಾರ ಹೂಡಿದರು. ಇವರು ಅಲ್ಲಿಂದ ಕಳಿಸುವದು, ಅಣ್ಣ ಇಲ್ಲಿ ಮಾರುವದು. ಮುಂದೆ ನೌಕರಿಯಲ್ಲಿ ಬರಬೇಕಾದ ಬಡತಿ ಇನ್ನೊಬ್ಬನಿಗೆ ಹೋದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಮೇವು ಕತ್ತರಿಸುವ ಯಂತ್ರ ಮಾಡಿದರು. ಆ ಮೇಲೆ 1903ರಲ್ಲಿ ಕಬ್ಬಿಣದ ರಂಟೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ನಮ್ಮ ಹಿರಿಯರು ಹೆದರಿದ್ದರಿಂದ ಮೊದಲ ರಂಟೆ ಮಾರಲು ಎರಡು ವರ್ಷ ಹಿಡಿಯಿತು. ಬೆಳಗಾವಿಯ ಜಾಗ ತೆರವು ಮಾಡುವ ಪ್ರಸಂಗ ಬಂದಾಗ ಔಂಧದ ರಾಜರು ಕುಂಡಲದ ಹತ್ತಿರ ಪಾಪಾಸುಕಳ್ಳಿ ಬೆಳೆದ ಬಂಜರು ಭೂಮಿಯನ್ನು ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಿರಜದಿಂದ ಪುಣೆಗೆ ಹೋಗುವ ರೇಲ್ವೆಯಲ್ಲಿ ಆ ಸ್ಟೇಶನ್ನನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ.

ಲಕ್ಷ ಕೊಟ್ಟು ನೋಡಿರಿ. ಹದಿನಾರರ ವಯಸ್ಸಿನಲ್ಲಿ ಮನೆ ಬಿಟ್ಟವರಿಗೆ ರಂಟೆ ಕೈಗೆ ಬಂದಾಗ ಮೂವತ್ತು ದಾಟಿತ್ತು, ಕಾರಖಾನೆ ನೆಲೆ ನಿಂತಾಗ ನಾಲ್ವತ್ತು. ಹದಿನಾರರಲ್ಲಿ ಜೋಯಿಸನನ್ನು ಕೇಳಿದ್ದರೂ ಅವನು ರಂಟೆ ಎಂದು ಹೇಳುತ್ತಿರಲಿಲ್ಲ. ಅವರು ಬಿಟ್ಟ ಪ್ರತಿಯೊಂದು ಕೆಲಸವೂ ಒಂದೊಂದು ವಸ್ತುವನ್ನು ಕೈಯಲ್ಲಿ ಉಳಿಸಿ ಹೋಯಿತು. ಚಿತ್ರ ಹೋಯಿತು, ನಕ್ಷೆ ತೆಗೆಯುವ ಕೈ ಉಳಿಯಿತು. ಮಾಸ್ತರಿಕೆ ಹೋಯಿತು, ಯಂತ್ರದ ಜ್ಞಾನ ಉಳಿಯಿತು. ಸೈಕಲ್ಲಿನ ಅಂಗಡಿಯು ಗಿರಾಕಿಯೊಡನೆ ಮಾತಾಡುವದನ್ನು ಕಲಿಸಿತು. ಮೇವಿನ ಯಂತ್ರವು ರೈತನ ಅಡಚಣಿ ಏನೆಂಬದನ್ನು ತೋರಿಸಿತು. ಇವೆಲ್ಲ ಕೂಡಿದ್ದೇ ರಂಟೆ. ಹಾಗಾದರೆ ತರುಣನು ಕೇಳಿಕೊಳ್ಳಬೇಕಾದ ಪ್ರಶ್ನೆ "ನನ್ನ ಬಾಳಿಗೆಲ್ಲ ಸರಿಯಾದ ಕಸುಬು ಯಾವದು" ಎಂಬದಲ್ಲ. ಅದಕ್ಕೆ ಉತ್ತರ ಕುಳಿತಲ್ಲಿ ಸಿಗುವದಿಲ್ಲ. "ಈ ವರೆಗೆ ಮಾಡಿದ್ದರಿಂದ ನನ್ನ ಕೈಯಲ್ಲಿ ಏನು ಉಳಿದಿದೆ, ಅದನ್ನು ಹಿಡಿದು ಮುಂದಿನ ಒಂದು ಹೆಜ್ಜೆ ಎಲ್ಲಿ ಇಡಬಹುದು" ಎಂಬಷ್ಟೇ ಸಾಕು.

ಈ ಕಥೆಯಲ್ಲಿ ಕಣ್ಣಿನ ಸಂಗತಿಯನ್ನು ಮರೆಯಬಾರದು. ಪ್ರಯತ್ನದಿಂದ ಬದಲಾಗದ ಮಾತುಗಳನ್ನು ಮೊದಲು ನೋಡಿಕೊಳ್ಳತಕ್ಕದ್ದು. ರೇಲ್ವೆಯ ಎಂಜಿನ ಚಾಲಕನಾಗುವವನಿಗೆ ಬಣ್ಣ ಗುರುತಿಸುವ ಕಣ್ಣು ಬೇಕೇ ಬೇಕು. ಮಹಾರಾಷ್ಟ್ರದ ಪೋಲೀಸ ಶಿಪಾಯಿ ಭರ್ತಿಗೆ ಗಂಡಸಿನ ಎತ್ತರ 165 ಸೆಂಟಿಮೀಟರ ಇರಬೇಕು. ಅಳತೆ ಮಾಡಲು ಗೋಡೆ ಮತ್ತು ಟೇಪು ಸಾಕು, ಕಣ್ಣಿನ ಪರೀಕ್ಷೆಗೆ ಅರ್ಧ ದಿನ ಸಾಕು. ಇದನ್ನು ಬಿಟ್ಟು ಎರಡು ವರ್ಷ ಬೆಳಗಿನ ನಾಲ್ಕಕ್ಕೆದ್ದು ಓಡಿ, ಮೈದಾನದಲ್ಲಿ ಅಳೆಯುವಾಗ ಒಂದು ಸೆಂಟಿಮೀಟರಿಗೆ ಹೊರಬೀಳುವದು ಯಾಕೆ ಬೇಕು? ಮಣ್ಣು ಪರೀಕ್ಷೆ ಮಾಡಿಸದೆ ಸವಳು ನೆಲಕ್ಕೆ ದ್ರಾಕ್ಷಿ ಹಚ್ಚಿದಂತಾಯಿತು.

ಇನ್ನು ನೂರು ಕಾಳಿನ ಪರೀಕ್ಷೆ. ಕಸುಬಿನಲ್ಲಿ ನೂರು ಕಾಳು ಎಂದರೆ ಸುಮಾರು ಒಂದು ತಿಂಗಳು. ಮನಸ್ಸಿಗೆ ಬಂದ ಎರಡು ಮೂರು ಕೆಲಸಗಳಲ್ಲಿ ಒಂದನ್ನು ತೆಗೆದುಕೊಂಡು, ಅದನ್ನು ಮಾಡುವವರ ಹತ್ತಿರ ಒಂದು ತಿಂಗಳು ಇದ್ದು ನೋಡುವದು. ಮೋಟಾರ ವೈಂಡಿಂಗ ಅಂಗಡಿಯಾಗಲಿ, ಮಗ್ಗದ ಶೆಡ್ಡಾಗಲಿ, ನರ್ಸರಿಯಾಗಲಿ, ಔಷಧದ ಅಂಗಡಿಯಾಗಲಿ. ಕೂಲಿ ಕೇಳುವ ಹಟ ಬೇಡ, ಪುಕ್ಕಟೆ ದುಡಿಯುವ ಔದಾರ್ಯವೂ ಬೇಡ. ಊಟ, ಪ್ರಯಾಣದ ಖರ್ಚು ಹೊರಟರೆ ಸಾಕೆಂದು ಒಪ್ಪಂದ ಮಾಡಿಕೊಳ್ಳಬೇಕು. ಮೊದಲ ವಾರದ ಬೇಸರವನ್ನು ಲೆಕ್ಕಕ್ಕೆ ಹಿಡಿಯಬಾರದು. ಮಗ್ಗದ ಸಪ್ಪಳ, ಎರಕದ ಬಿಸಿ, ದನದ ಕೊಟ್ಟಿಗೆಯ ವಾಸನೆ ಎಲ್ಲರಿಗೂ ಮೊದಲು ಬೇಡವೆನಿಸುವವೇ. ಮೂರನೆಯ ವಾರದಲ್ಲಿ ನೋಡಿಕೊಳ್ಳಬೇಕಾದದ್ದು ಬೇರೆ. ಕೆಲಸ ಬಿಟ್ಟ ಮೇಲೂ ಆ ಕೆಲಸದ ವಿಷಯ ಕೇಳಬೇಕೆನಿಸುತ್ತದೆಯೋ? ಅಲ್ಲಿ ಹತ್ತು ವರ್ಷ ದುಡಿದವನು ಹೇಗೆ ಬಾಳುತ್ತಿದ್ದಾನೆ, ಅವನ ಮನೆ ನಡೆಯುತ್ತದೆಯೋ? ಮಾಲಕನ ಬದುಕನ್ನು ನೋಡಿ ಮರುಳಾಗಬಾರದು, ಹಳೆಯ ಕೆಲಸಗಾರನ ಬದುಕನ್ನು ನೋಡಬೇಕು. ಒಂದು ನೂರು ಪುಟದ ವಹಿಯಲ್ಲಿ ದಿನಾಲು ನಾಲ್ಕು ಸಾಲು ಬರೆದಿಡಿರಿ: ಏನು ಮಾಡಿದೆ, ಏನು ಕಲಿತೆ, ಎಷ್ಟು ಖರ್ಚಾಯಿತು, ಯಾರ ಪರಿಚಯವಾಯಿತು. ತಿಂಗಳ ಕೊನೆಗೆ ಕೆಲಸ ಸೇರದಿದ್ದರೂ ಆ ವಹಿ ಉಳಿಯುವದು.

ಒಂದು ತಿಂಗಳ ಮೇಲೆ ಮನಸ್ಸು ಕುದುರಿತೆಂದರೆ ಕಲಿಯುವ ಏರ್ಪಾಡುಗಳಿವೆ, ಹೆಚ್ಚು ಹಣವಿಲ್ಲದವರಿಗೂ ಇವೆ. ಇವುಗಳಲ್ಲಿ ಒಂದು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ ಮತ್ತು ಕೆನರಾ ಬ್ಯಾಂಕುಗಳನ್ನು ಕೂಡಿಸಿಕೊಂಡು ರುಡ್‌ಸೆಟ್ ಸಂಸ್ಥೆಯನ್ನು ತೆರೆದರು. ನೌಕರಿ ಸಿಗದ ಹಳ್ಳಿಯ ತರುಣರನ್ನು ಕೆಲವು ವಾರ ಇರಿಸಿಕೊಂಡು, ಊಟ ವಸತಿ ಕೊಟ್ಟು, ಕೈಕಸಬು ಮತ್ತು ಅಂಗಡಿ ನಡೆಸುವ ಲೆಕ್ಕ ಎರಡನ್ನೂ ಕಲಿಸುವದು ಅದರ ಪದ್ಧತಿ. ಅದು ಫಲಿಸಿದ್ದನ್ನು ನೋಡಿ ಕೇಂದ್ರ ಸರಕಾರವು ಅದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೆ ಹಬ್ಬಿಸಿತು. ಬ್ಯಾಂಕುಗಳು ನಡೆಸುವ ಈ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಕೇಂದ್ರಗಳಿಗೆ ಆರ್‌ಸೆಟಿ ಎನ್ನುತ್ತಾರೆ. 18 ವರ್ಷ ತುಂಬಿದವರಿಗೆ ಫೀ ಇಲ್ಲದೆ ಕಲಿಸುತ್ತಾರೆ. ಹೈನುಗಾರಿಕೆ, ಆಡು ಸಾಕಣೆ, ಹೊಲಿಗೆ, ಮೊಬಾಯಿಲ ದುರಸ್ತಿ ಮುಂತಾದವು. ಕಲಿತು ಹೋದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುವದು ಇದರ ಒಳ್ಳೆಯ ಅಂಶ.

ಹತ್ತನೆಯದು ಪಾಸಾದವನಿಗೆ ಐ.ಟಿ.ಐ. ಇದೆ. ಫಿಟರ, ಟರ್ನರ, ಇಲೆಕ್ಟ್ರಿಶಿಯನ ಮುಂತಾದ ಕಸುಬುಗಳನ್ನು ಒಂದೆರಡು ವರ್ಷದಲ್ಲಿ ಕಲಿಸುವರು. ಬಿ.ಎ. ಆದವನು ಐ.ಟಿ.ಐ.ಗೆ ಹೋದರೆ ಜನ ನಗುವರೆಂಬ ಅಂಜಿಕೆ ಇದೆ. ನಕ್ಕವರು ಯಾರೂ ಇವನಿಗೆ ಅನ್ನ ಹಾಕುವದಿಲ್ಲ. ಐ.ಟಿ.ಐ. ಆದ ಮೇಲೆ 1961ರ ಅಪ್ರೆಂಟಿಸ ಕಾಯಿದೆಯ ಪ್ರಕಾರ ಕಾರಖಾನೆಯಲ್ಲಿ ಕಲಿಯುತ್ತ ತಿಂಗಳ ವಿದ್ಯಾವೇತನ ಪಡೆಯಬಹುದು. ಪದವೀಧರರಿಗೂ ಇಂಥ ಅವಕಾಶ ಉಂಟು. ಬೇಸಾಯದಲ್ಲಿಯೇ ಉಳಿಯುವವರು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬರಲಿ. ನಮ್ಮ ಕೊಲ್ಲಾಪುರ ಜಿಲ್ಲೆಯಲ್ಲಿ ತಳಸಂದೆ ಮತ್ತು ಕಣೇರಿಯಲ್ಲಿ ಇಂಥ ಕೇಂದ್ರಗಳಿವೆ.

ಸ್ಪರ್ಧಾ ಪರೀಕ್ಷೆಯವರಿಗೆ ಒಂದು ಮಾತು. ಆ ದಾರಿ ಕೆಟ್ಟದ್ದೆಂದು ನಾವು ಹೇಳುವದಿಲ್ಲ, ನಮ್ಮ ಊರುಗಳಿಂದ ಅದರಲ್ಲಿ ಗೆದ್ದವರೂ ಇದ್ದಾರೆ. ಆದರೆ ಮುಗಿಯುವ ದಿನವಿಲ್ಲದ ಬಿತ್ತಿಗೆ ಯಾವದೂ ಇಲ್ಲ. ಎರಡು ಸಲ, ಹೆಚ್ಚೆಂದರೆ ಮೂರು ಸಲ ಎಂದು ಮೊದಲೇ ಬರೆದಿಟ್ಟು ಅಪ್ಪ ಅವ್ವನಿಗೆ ಓದಿ ಹೇಳಿರಿ. ಸಂಗಡ ಒಂದು ಕೈಕಸಬು ಇರಲಿ. ಗಣಿತ, ಭಾಷೆ, ಸಾಮಾನ್ಯ ಜ್ಞಾನ ಕಲಿತದ್ದು ವ್ಯರ್ಥವಾಗುವದಿಲ್ಲ. ಸಂಘದ ಲೆಕ್ಕಿಗನಿಗೂ, ವಿಮಾ ಪ್ರತಿನಿಧಿಗೂ ಅದೇ ಬೇಕು.

ಮನೆಯ ಹಿರಿಯರಿಗೂ ಹೇಳುವದಿದೆ. ಲಕ್ಷ್ಮಣರಾಯರ ಹಿಂದೆ ಒಬ್ಬ ಅಣ್ಣನಿದ್ದನು. ಮಗನಿಗೆ ಹತ್ತು ಗುಂಟೆ ಬಿಟ್ಟುಕೊಡಿರಿ, ಅಥವಾ ಒಂದು ಎಮ್ಮೆಯ ಹಾಲಿನ ಲೆಕ್ಕವನ್ನು ಅವನ ಹೆಸರಿಗೆ ಮಾಡಿರಿ. ಕಬ್ಬಿನ ಹಣ ವರ್ಷಕ್ಕೊಮ್ಮೆ, ಹಾಲಿನ ಬಿಲ್ಲು ಹತ್ತು ದಿನಕ್ಕೊಮ್ಮೆ. ಆ ಸಣ್ಣ ಹಣದಿಂದ ಅವನು ನಿಮ್ಮನ್ನು ಕೇಳದೆ ಎರಡು ಊರು ತಿರುಗಿ ಬರಲಿ. ಏನು ಬೆಳೆದ, ಏನು ಕಳೆದ ಎಂದು ಹಂಗಾಮು ಮುಗಿಯುವ ವರೆಗೆ ಕೇಳಬೇಡಿರಿ. ಮಗಳಿಗೂ ಇದೇ ನ್ಯಾಯ ಸಲ್ಲಬೇಕು. ಅವಳ ನೂರು ಕಾಳು ಮೊಳೆಯುವ ಮುಂಚೆಯೇ ಲಗ್ನದ ಮುಹೂರ್ತ ಇಡುವ ರೂಢಿ ನಮ್ಮಲ್ಲಿ ಬಹಳ.

ನಮ್ಮ ಹುಡುಗರು ತಮ್ಮದೊಂದು ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುವದೇ ಇಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಎರಡೂ ಅವರಿಗೆ ಸಲೀಸು. ನಿಪ್ಪಾಣಿಯಿಂದ ಇಚಲಕರಂಜಿಯ ವರೆಗೆ ಬೀಜ, ಟ್ರ್ಯಾಕ್ಟರು, ಬಟ್ಟೆ ಯಾವದನ್ನೇ ಮಾರುವವನಿಗೆ ಎರಡು ಕಡೆಯ ಗಿರಾಕಿಯೊಡನೆ ಮಾತಾಡುವ ಮನುಷ್ಯ ಬೇಕು. ಕರ್ನಾಟಕದ ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ನಿಯಮಗಳುಂಟು. ತಮ್ಮ ಊರು, ತಾವು ಓದಿದ ಶಾಲೆ ಆ ನಿಯಮದಲ್ಲಿ ಕೂಡ್ರುವದೋ ಇಲ್ಲವೋ ಎಂಬದನ್ನು ಆ ವರ್ಷದ ಪ್ರಕಟನೆಯಲ್ಲಿ ಓದಿಯೇ ಅರ್ಜಿ ಹಾಕಬೇಕು.

ಕಾಗದಪತ್ರದ ವಿಷಯ ಕೊನೆಗೆ. ಹತ್ತನೆಯ ಇಯತ್ತೆಯ ಫಲಿತಾಂಶದ ನಂತರ ಐ.ಟಿ.ಐ. ಪ್ರವೇಶ ಸುರುವಾಗುವದು, ಅದೇ ವೇಳೆ ಬಿತ್ತಿಗೆಯ ಗಡಿಬಿಡಿ. ಶಾಲೆ ಬಿಟ್ಟ ದಾಖಲೆ, ಜಾತಿಯ ದಾಖಲೆ, ರಹಿವಾಸಿ ದಾಖಲೆ ಇವನ್ನು ಬೇಸಿಗೆಯಲ್ಲಿಯೇ ಕೂಡಿಸಿಡಿರಿ. ಕನ್ನಡ ಶಾಲೆಯ ದಾಖಲೆಯಲ್ಲಿ ಹೆಸರು ಒಂದು ಬಗೆ, ಆಧಾರ ಚೀಟಿಯಲ್ಲಿ ಮರಾಠಿಯ ರೀತಿ ಇನ್ನೊಂದು ಬಗೆ ಬಿದ್ದಿರುವದು ನಮ್ಮ ಊರುಗಳಲ್ಲಿ ಸಾಮಾನ್ಯ. ಅಪ್ಪನ ಹೆಸರು, ಅಡ್ಡಹೆಸರು, ಜನ್ಮ ತಾರೀಖು ಮೂರನ್ನೂ ಎರಡೂ ಕಾಗದ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿರಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುವದುಂಟು.