ಆಕ್ಸಿಲರೇಟರ್ ಬಿಟ್ಟರೂ ವಾಪಸ್ ಬರುತ್ತಿಲ್ಲವೇ? ಬೈಕ್ ಸವಾರರು ನಿರ್ಲಕ್ಷಿಸಬಾರದ ದೋಷ

ಜವಳಗಿರಿ: ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲೂಕಿನ ಜವಳಗಿರಿ ಸುತ್ತಮುತ್ತ ರಸ್ತೆ ಕಾಡಿನ ನಡುವೆ ಸಾಗುತ್ತದೆ. ಬನ್ನೇರುಘಟ್ಟ ಕಡೆಯಿಂದ ಆನೆಗಳು ಬಂದು ಹೋಗುವ ದಾರಿಯೂ ಇದೇ. ತಿರುವಿನಲ್ಲಿ ಆನೆಯೋ ದನವೋ ಎದುರಾದರೆ ಸವಾರ ಮೊದಲು ಮಾಡುವುದು ಆಕ್ಸಿಲರೇಟರ್ ಬಿಡುವುದು. ಬಿಟ್ಟ ಮೇಲೂ ಇಂಜಿನ್ ಇಳಿಯದಿದ್ದರೆ, ಬ್ರೇಕ್ ಹಿಡಿದರೂ ಗಾಡಿ ಮುಂದಕ್ಕೇ ಎಳೆಯುತ್ತದೆ. "ಸ್ವಲ್ಪ ಟೈಟ್ ಅಷ್ಟೇ, ಕೈಯಲ್ಲಿ ಹಿಂದಕ್ಕೆ ತಿರುಗಿಸಿದ್ರೆ ಆಯ್ತು" ಎಂದು ದಿನ ದೂಡುವುದು ಅಪಾಯ.

ಕಾರಣ ಏನು?

ಗ್ರಿಪ್ ತಿರುಗಿಸಿದಾಗ ಕೇಬಲ್ ಒಳಗಿನ ತಂತಿ ಕಾರ್ಬೊರೇಟರ್‌ನ ಸ್ಲೈಡನ್ನು ಮೇಲಕ್ಕೆ ಎಳೆಯುತ್ತದೆ. 2020ರ ಎಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೆಚ್ಚಾಗಿ ಕಾರ್ಬೊರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಆದರೂ ಸಾಮಾನ್ಯ ಬೈಕ್‌ಗಳಲ್ಲಿ ತಂತಿ ಹಾಗೇ ಉಳಿದಿದೆ. ಎಳೆಯುವುದು ಕೈ, ವಾಪಸ್ ತರುವುದು ಸ್ಪ್ರಿಂಗ್. ಮಧ್ಯದಲ್ಲಿ ಧೂಳು, ತುಕ್ಕು ಅಥವಾ ಮಡಿಕೆ ಇದ್ದರೆ ಸ್ಪ್ರಿಂಗ್‌ನ ಬಲ ಸಾಲುವುದಿಲ್ಲ.

ಕರಾವಳಿಯಲ್ಲಿ ಮಳೆ ಮತ್ತು ಉಪ್ಪಿನ ಗಾಳಿಗೆ ಕೇಬಲ್ ತುಕ್ಕು ಹಿಡಿಯುತ್ತದೆ. ಹೊಸೂರು ಕಡೆ ಕಾಟ ಕೊಡುವುದು ಮಣ್ಣಿನ ಧೂಳು. ಮಂಗಳೂರಿನಿಂದ ವ್ಯಾಪಾರಕ್ಕೆಂದು ಇತ್ತ ಬಂದವರ ಹಳೇ ಬೈಕ್‌ಗೆ ಎರಡೂ ಒಟ್ಟಿಗೆ ತಾಗಿರುತ್ತವೆ.

ಎಲ್ಲಿ ಹಿಡಿಯುತ್ತಿದೆ ಎಂದು ಹುಡುಕಿ

ಇಂಜಿನ್ ಆಫ್ ಮಾಡಿ, ಗ್ರಿಪ್ ಪೂರ್ತಿ ತಿರುಗಿಸಿ ಬಿಡಿ. 'ಟಕ್' ಎಂದು ತಾನಾಗಿ ವಾಪಸ್ ಬರಬೇಕು. ಹ್ಯಾಂಡಲ್ ನೇರ, ಎಡ, ಬಲ ಹೀಗೆ ಮೂರೂ ಕಡೆ ನೋಡಿ. ಒಂದೇ ಕಡೆ ಹಿಡಿದರೆ ಕೇಬಲ್ ಹೋದ ದಾರಿ ಸರಿಯಿಲ್ಲ, ಅಥವಾ ವೈರಿಂಗ್ ನಡುವೆ ಸಿಕ್ಕಿಕೊಂಡಿದೆ.

ಮೂರೂ ಕಡೆ ಹಿಡಿದರೆ ಗ್ರಿಪ್ ಬಳಿ ಕೇಬಲ್ ಬಿಚ್ಚಿ. ಗ್ರಿಪ್ ಒಂದೇ ತಿರುಗಿಸಿದಾಗಲೂ ಬಿಗಿ ಇದ್ದರೆ ತೊಂದರೆ ಅಲ್ಲೇ. ಹೊಸ ಗ್ರಿಪ್ ಹ್ಯಾಂಡಲ್ ತುದಿಯ ತೂಕಕ್ಕೆ ಉಜ್ಜುತ್ತಿರಬಹುದು, ಮೊಬೈಲ್ ಹೋಲ್ಡರ್ ಒತ್ತುತ್ತಿರಬಹುದು, ಒಳಗೆ ಹಳೇ ಗ್ರೀಸ್ ಧೂಳು ಸೇರಿ ಗಟ್ಟಿಯಾಗಿರಬಹುದು. ಗ್ರಿಪ್ ಸರಿ ಇದ್ದರೆ ಕೇಬಲ್‌ನ ಇನ್ನೊಂದು ತುದಿಯನ್ನೂ ಬಿಚ್ಚಿ ತಂತಿಯನ್ನು ಅತ್ತಿತ್ತ ಎಳೆದು ನೋಡಿ. ಅದೂ ಸಲೀಸಾದರೆ ಸ್ಲೈಡ್, ಸ್ಪ್ರಿಂಗ್ ನೋಡಬೇಕು. ಹರಿದ ಏರ್ ಫಿಲ್ಟರ್‌ನಿಂದ ಧೂಳು ಅಲ್ಲಿಗೂ ಹೋಗುತ್ತದೆ. ಆ ಕೆಲಸ ಮೆಕ್ಯಾನಿಕ್‌ಗೇ ಬಿಡುವುದು ಒಳ್ಳೆಯದು.

ಸರಿ ಮಾಡುವುದು ಹೇಗೆ?

ಗ್ರಿಪ್ ಕಳಚಿ, ಹ್ಯಾಂಡಲ್ ಪೈಪ್ ಮೇಲಿನ ಹಳೇ ಗ್ರೀಸ್ ಒರೆಸಿ ಒಣಗಿಸಿ. ದಪ್ಪಗೆ ಹೊಸ ಗ್ರೀಸ್ ಬಳಿದರೆ ಧೂಳು ಮತ್ತೆ ಅಂಟುತ್ತದೆ. ಕೇಬಲ್ ಒಳಗೆ ತೆಳು ಎಣ್ಣೆ ಅಥವಾ ಕೇಬಲ್ ಸ್ಪ್ರೇ ಹಾಕಿ, ಇನ್ನೊಂದು ತುದಿಯಲ್ಲಿ ಹೊರಬರುವವರೆಗೆ ಬಿಡಿ. ಇಂಜಿನ್‌ನಿಂದ ತೆಗೆದ ಕಪ್ಪು ಆಯಿಲ್ ಬೇಡ.

ತಂತಿಯ ಒಂದು ಎಳೆ ತುಂಡಾಗಿದ್ದರೂ, ಹೊರ ಕವಚ ಮಡಿಚಿದ್ದರೂ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಹೊಸ ಕೇಬಲ್ ಹಾಕಿಸಿ. ಹಳೆಯದು ಹೋದ ದಾರಿಯಲ್ಲೇ ಹೊಸದೂ ಹೋಗಬೇಕು.

ಜೋಡಿಸಿದ ಮೇಲೆ ಗ್ರಿಪ್‌ನಲ್ಲಿ ಸ್ವಲ್ಪ ಪ್ಲೇ ಇರಬೇಕು. ಹಲವು ಬೈಕ್‌ಗಳಲ್ಲಿ ಇದು 2ರಿಂದ 6 ಮಿಲಿಮೀಟರ್. ನಿಮ್ಮ ಗಾಡಿಯ ಲೆಕ್ಕ ಕಂಪೆನಿಯ ಪುಸ್ತಕದಲ್ಲಿದೆ. ಕೊನೆಗೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಇಂಜಿನ್ ಶಬ್ದ ಏರಿದರೆ ಕೇಬಲ್ ಇನ್ನೂ ಬಿಗಿ ಇದೆ, ಗಾಡಿ ರಸ್ತೆಗೆ ಇಳಿಸಬೇಡಿ.

ಓಡುವಾಗಲೇ ಸಿಕ್ಕಿಕೊಂಡರೆ?

ಕ್ಲಚ್ ಹಿಡಿಯಿರಿ, ಕಿಲ್ ಸ್ವಿಚ್ ಒತ್ತಿ, ಎರಡೂ ಬ್ರೇಕ್ ಬಳಸಿ ಬದಿಗೆ ನಿಲ್ಲಿಸಿ. ಕಿಲ್ ಸ್ವಿಚ್ ಇಲ್ಲದಿದ್ದರೆ ಕೀ ಆಫ್ ಮಾಡಿ. ಆದರೆ ಹ್ಯಾಂಡಲ್ ಲಾಕ್ ಆಗುವಷ್ಟು ತಿರುಗಿಸಬೇಡಿ.

ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ಪಕ್ಕದ ಹೊಸೂರಿನಿಂದಲೇ. ಇಂದಿಗೂ ಸಾಮಾನು ಸಾಗಿಸಲು ಸಣ್ಣ ವ್ಯಾಪಾರಿಗಳು ನಂಬಿರುವುದು ಇಂಥ ಗಾಡಿಗಳನ್ನೇ. ಮೊಪೆಡ್, ಸ್ಕೂಟರ್‌ಗಳಲ್ಲಿ ಹಿಡಿಯಲು ಕ್ಲಚ್ ಇರುವುದಿಲ್ಲ. ಇಂಜಿನ್ ಆಫ್ ಮಾಡಿ ಬ್ರೇಕ್ ಹಿಡಿಯುವುದೊಂದೇ ದಾರಿ. ಅಂಥ ಗಾಡಿಯಲ್ಲಿ ಹೊರೆ ಹೇರಿ ಹೊರಡುವವರು ದಿನಾ ಬೆಳಿಗ್ಗೆ ಒಮ್ಮೆ ಗ್ರಿಪ್ ತಿರುಗಿಸಿ ಬಿಟ್ಟು ನೋಡಬೇಕು.