ತೇಲುವ ಕಾರ್ಖಾನೆ ‘ವೆಸ್ಟಲ್’

ಅಮೆರಿಕ ನೌಕಾಪಡೆಯ ‘ವೆಸ್ಟಲ್’ ಹುಟ್ಟಿದ್ದು ಕಲ್ಲಿದ್ದಲು ಹೊರಲು. 1908ರಲ್ಲಿ ನ್ಯೂಯಾರ್ಕಿನಲ್ಲಿ ನೀರಿಗಿಳಿದ ಈ ಹಡಗನ್ನು ಕೆಲವೇ ವರ್ಷಗಳಲ್ಲಿ ಬಾಸ್ಟನ್ನಿಗೆ ಒಯ್ದು, ಅದರ ಒಡಲಲ್ಲಿ ವರ್ಕ್‌ಶಾಪ್‌ಗಳನ್ನು ಕಟ್ಟಿದರು. 1913ರಿಂದ ಅದು ದುರಸ್ತಿ ಹಡಗು. ಪೆಟ್ಟು ತಿಂದ ಯುದ್ಧನೌಕೆ ಸಾವಿರಾರು ಮೈಲಿ ದೂರದ ಹಡಗುಕಟ್ಟೆಗೆ ಹೋಗಿ ರಿಪೇರಿಯಾಗಿ ಬರಲು ತಿಂಗಳುಗಳೇ ಬೇಕು. ಯುದ್ಧದಲ್ಲಿ ಅಷ್ಟು ಪುರುಸೊತ್ತು ಯಾರಿಗಿರುತ್ತದೆ? ಹಾಗಾಗಿ ಕಾರ್ಖಾನೆಯೇ ಹಡಗಿನ ಹತ್ತಿರ ಹೋಗಬೇಕು.

1941ರ ಡಿಸೆಂಬರ್ 6ರಂದು ಪರ್ಲ್ ಹಾರ್ಬರಿನಲ್ಲಿ ‘ವೆಸ್ಟಲ್’ ಹೀಗೆಯೇ ‘ಅರಿಜೋನಾ’ ಯುದ್ಧನೌಕೆಯ ಪಕ್ಕಕ್ಕೆ ಬಂದು ಹಗ್ಗ ಬಿಗಿದುಕೊಂಡಿತ್ತು. ಮರುದಿನ ಬೆಳಗ್ಗೆ ಜಪಾನಿನ ವಿಮಾನಗಳು ಬಂದವು. ‘ವೆಸ್ಟಲ್’ ಮೇಲೆ ಎರಡು ಬಾಂಬ್ ಬಿದ್ದವು. ಅಷ್ಟರಲ್ಲಿ ‘ಅರಿಜೋನಾ’ದ ಮದ್ದಿನ ಕೋಠಿ ಸ್ಫೋಟಿಸಿತು. ಆ ಹೊಡೆತಕ್ಕೆ ‘ವೆಸ್ಟಲ್’ನ ಕ್ಯಾಪ್ಟನ್ ಕ್ಯಾಸಿನ್ ಯಂಗ್ ಸಮುದ್ರಕ್ಕೆ ಎಸೆಯಲ್ಪಟ್ಟರು. ಎಣ್ಣೆ ಹರಡಿದ ನೀರಿನಲ್ಲಿ ಈಜಿ ಮತ್ತೆ ಹಡಗು ಹತ್ತಿದಾಗ, ಅವರ ಜನ ಹಡಗು ಬಿಟ್ಟು ಇಳಿಯುತ್ತಿದ್ದರು. ಯಂಗ್ ತಮ್ಮ ಜನರನ್ನೆಲ್ಲ ವಾಪಸ್ ಕರೆದರು.

ಅದೇ ಹೊತ್ತಿಗೆ ಜೋಸೆಫ್ ಜಾರ್ಜ್ ಎಂಬ ನಾವಿಕ, ಉರಿಯುತ್ತಿದ್ದ ‘ಅರಿಜೋನಾ’ದ ಎತ್ತರದಲ್ಲಿ ಸಿಕ್ಕಿಕೊಂಡವರತ್ತ ಹಗ್ಗ ಎಸೆದರು. ಸುಟ್ಟ ಕೈಗಳಲ್ಲೇ ಅದಕ್ಕೆ ಜೋತುಬಿದ್ದು ಆರು ಮಂದಿ ದಾಟಿ ಬಂದರು. ಈ ಸಾಹಸಕ್ಕೆ ಪದಕ ಬಂದದ್ದು 2017ರಲ್ಲಿ. ಜಾರ್ಜ್ ತೀರಿಕೊಂಡು ಆಗಲೇ ಎರಡು ದಶಕ ಕಳೆದಿತ್ತು. ಇಷ್ಟು ತಡವಾಗಬಾರದಿತ್ತು.

ಹಗ್ಗಗಳನ್ನು ಕಡಿದು ಹೊರಟ ‘ವೆಸ್ಟಲ್’ನೊಳಗೆ ನೀರು ನುಗ್ಗುತ್ತಲೇ ಇತ್ತು. ಮುಳುಗುವ ಮುಂಚೆ ಯಂಗ್ ಅದನ್ನು ಆಯೀಯಾ ಬಳಿಯ ಆಳವಿಲ್ಲದ ನೀರಿಗೆ ಒಯ್ದು ನೆಲಕ್ಕೆ ಹತ್ತಿಸಿದರು. ಹಡಗುಕಟ್ಟೆಯಲ್ಲಿ ಎಲ್ಲರಿಗೂ ಅವಸರ, ಯಾರಿಗೂ ಜಾಗವಿಲ್ಲ. ಊರವರ ಹಡಗು ರಿಪೇರಿ ಮಾಡುತ್ತಿದ್ದ ಕೈಗಳೇ ನೀರೆತ್ತಿ, ಸುಟ್ಟದ್ದನ್ನು ಕಿತ್ತು, ತಮ್ಮ ಹಡಗನ್ನು ತಾವೇ ಸರಿಪಡಿಸಲು ನಿಂತವು.

1942ರ ಆಗಸ್ಟಿನಲ್ಲಿ ಅದು ದಕ್ಷಿಣ ಪೆಸಿಫಿಕ್‌ಗೆ ಹೊರಟಿತು. ಅದರ ಅತಿ ದೊಡ್ಡ ಕೆಲಸ ಅಲ್ಲಿ ನಡೆಯಿತೆಂದು ನನಗನ್ನಿಸುತ್ತದೆ. ಅಕ್ಟೋಬರ್ 26ರ ಸಾಂತಾಕ್ರೂಜ್ ಕದನದಲ್ಲಿ ‘ಹಾರ್ನೆಟ್’ ವಿಮಾನವಾಹಕ ಹೋಯಿತು. ಆ ಕಡಲಿನಲ್ಲಿ ಅಮೆರಿಕಕ್ಕೆ ಉಳಿದದ್ದು ಬಾಂಬ್ ತಿಂದ ‘ಎಂಟರ್‌ಪ್ರೈಸ್’ ಎಂಬ ಒಂದೇ ವಿಮಾನವಾಹಕ. ನ್ಯೂಮೆಯಾ ಬಂದರಿನಲ್ಲಿ ‘ವೆಸ್ಟಲ್’ನ ಕೆಲಸಗಾರರು ಅದರ ದುರಸ್ತಿಗೆ ಕೈಹಾಕಿದರು. ನವೆಂಬರ್ 11ರಂದು ‘ಎಂಟರ್‌ಪ್ರೈಸ್’ ಗ್ವಾಡಲ್‌ಕನಾಲ್ ದ್ವೀಪದ ಕಡೆಗೆ ಹೊರಡಬೇಕಾಗಿ ಬಂದಾಗ ಕೆಲಸ ಮುಗಿದಿರಲಿಲ್ಲ. ಕೆಲಸಗಾರರು ಇಳಿಯಲಿಲ್ಲ, ರಿಪೇರಿ ಮಾಡುತ್ತಲೇ ಯುದ್ಧಕ್ಕೆ ಹೋದರು. ಮುಂದಿನ ಕೆಲವೇ ದಿನಗಳಲ್ಲಿ ‘ಎಂಟರ್‌ಪ್ರೈಸ್’ನ ವಿಮಾನಗಳು ಜಪಾನಿನ ‘ಹಿಯೇ’ ಯುದ್ಧನೌಕೆಯ ಮೇಲೂ ಸೈನಿಕರನ್ನು ಹೊತ್ತು ಬರುತ್ತಿದ್ದ ಹಡಗುಗಳ ಮೇಲೂ ಎರಗಿದವು.

ಗ್ವಾಡಲ್‌ಕನಾಲ್‌ನ ಆ ಕದನದಲ್ಲಿಯೇ, ನವೆಂಬರ್ 13ರ ನಸುಕಿನಲ್ಲಿ, ಕ್ಯಾಸಿನ್ ಯಂಗ್ ಸತ್ತರು. ಆಗ ಅವರು ‘ಸ್ಯಾನ್ ಫ್ರಾನ್ಸಿಸ್ಕೋ’ ಕ್ರೂಸರಿನ ಕ್ಯಾಪ್ಟನ್. ಗುಂಡುಗಳಿಂದ ಜರ್ಜರಿತವಾದ ಆ ಹಡಗು ಎಸ್ಪಿರಿತು ಸಾಂತೋ ದ್ವೀಪಕ್ಕೆ ಬಂದಾಗ ಅದಕ್ಕೆ ಕೈಹಾಕಿದವರು ಯಂಗ್ ಅವರ ಹಳೆಯ ಹಡಗಿನವರೇ.

ಆ ದ್ವೀಪದಲ್ಲಿ ಒಂದು ವರ್ಷ ನಿಂತ ‘ವೆಸ್ಟಲ್’ 279 ಹಡಗುಗಳ 5,603 ಕೆಲಸಗಳನ್ನು ಮುಗಿಸಿಕೊಟ್ಟಿತು. ಟಾರ್ಪೀಡೊ ತಿಂದ ‘ಪೆನ್ಸಕೋಲಾ’, ‘ನ್ಯೂ ಆರ್ಲಿಯನ್ಸ್’ ಕ್ರೂಸರುಗಳೂ ಅವುಗಳಲ್ಲಿದ್ದವು. ಯುದ್ಧ ಮುಗಿದ ಮರುವರ್ಷ, 1946ರ ಆಗಸ್ಟಿನಲ್ಲಿ, ‘ವೆಸ್ಟಲ್’ ಸೇವೆಯಿಂದ ಬಿಡುಗಡೆ ಹೊಂದಿತು. 1950ರಲ್ಲಿ ಅದನ್ನು ಗುಜರಿಗೆ ಮಾರಿದರು.