ಇಂಟರ್‌ನೆಟ್ ಕರೆಯ ನಡುವೆ ಯಾರಿದ್ದಾರೆ?

ಕೊಲ್ಲಿ ರಾಷ್ಟ್ರದಲ್ಲೋ ಹಡಗಿನಲ್ಲೋ ದುಡಿಯುವ ಮಕ್ಕಳೊಡನೆ ಇಂಟರ್‌ನೆಟ್ ಮೂಲಕ ಮಾತನಾಡದ ಮನೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ವಿರಳ. ಮನೆಯ ಸಾಲ, ತಾಯಿಯ ಕಾಯಿಲೆ, ತಂಗಿಯ ಮದುವೆ ಎಲ್ಲವೂ ಆ ಕರೆಯಲ್ಲೇ ತೀರ್ಮಾನವಾಗುತ್ತವೆ. ಆದುದರಿಂದಲೇ ಹಲವರಿಗೆ ಒಂದು ಸಂಶಯ: ನಮ್ಮ ಮಾತು ನೇರವಾಗಿ ಹೋಗುತ್ತದೆಯೇ, ಅಥವಾ ನಡುವೆ ಯಾರಾದರೂ ಕೇಳಿಸಿಕೊಳ್ಳುತ್ತಾರೆಯೇ? ಉತ್ತರಕ್ಕಾಗಿ ಕರೆ ಸಾಗುವ ದಾರಿಯನ್ನು ನಾವು ತಿಳಿದುಕೊಳ್ಳಬೇಕು.

ಪರಿಚಯ ಮಾಡಿಸುವ ಸರ್ವರ್

ಸಾಮಾನ್ಯವಾಗಿ ಕರೆ ಆರಂಭವಾಗಲು ಸರ್ವರ್ ಬೇಕೇ ಬೇಕು. ಮಗನ ಫೋನ್ ಈ ಕ್ಷಣ ಯಾವ ಇಂಟರ್‌ನೆಟ್ ವಿಳಾಸದಲ್ಲಿದೆ ಎಂಬುದು ನಮ್ಮ ಫೋನಿಗೆ ತಿಳಿಯದು. ಸರ್ವರ್ ಅವನಿಗೆ ಕರೆಯ ಸುದ್ದಿ ಮುಟ್ಟಿಸಿ, ಎರಡು ಫೋನುಗಳ ವಿಳಾಸಗಳನ್ನು ಪರಸ್ಪರ ತಿಳಿಸುತ್ತದೆ. ಮದುವೆ ಸಂಬಂಧ ಕೂಡಿಸುವ ದಲ್ಲಾಳಿಯಂತೆ, ಪರಿಚಯ ಮಾಡಿಸಿದ ಮೇಲೆ ಅದು ಬದಿಗೆ ಸರಿಯಬಹುದು. ಬಳಿಕ ಧ್ವನಿ ಫೋನಿನಿಂದ ಫೋನಿಗೆ ನೇರವಾಗಿ ಸಾಗುತ್ತದೆ. ಇದನ್ನು 'ಪೀರ್-ಟು-ಪೀರ್' ಸಂಪರ್ಕ ಎನ್ನುತ್ತಾರೆ.

ನೇರ ದಾರಿ ಮುಚ್ಚಿದಾಗ

ಐಪಿವಿ4 ಪದ್ಧತಿಯಲ್ಲಿರುವ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಲೋಕದ ಎಲ್ಲ ಫೋನು, ಕಂಪ್ಯೂಟರುಗಳಿಗೆ ಅವು ಸಾಲವು. ಆದುದರಿಂದ ಮನೆಯ ರೂಟರ್ ಅಥವಾ ಮೊಬೈಲ್ ಕಂಪೆನಿ ಅನೇಕ ಫೋನುಗಳನ್ನು ಒಂದೇ ವಿಳಾಸದ ಹಿಂದೆ ಇರಿಸುತ್ತದೆ. 'ನ್ಯಾಟ್' ಎಂಬ ಈ ಏರ್ಪಾಡು ಫ್ಲ್ಯಾಟಿನ ವಾಚ್‌ಮನ್ ಇದ್ದಂತೆ: ಒಳಗಿನವರು ಕರೆಸಿಕೊಂಡವರಿಗೆ ಮಾತ್ರ ಪ್ರವೇಶ. ಎರಡೂ ಫೋನುಗಳು ಒಂದೇ ಹೊತ್ತಿಗೆ ಪರಸ್ಪರ ಸಂದೇಶ ಕಳುಹಿಸಿದರೆ, ಬಂದದ್ದು ಉತ್ತರವೆಂದು ತಿಳಿದು ಎರಡೂ ಕಡೆಯ ವಾಚ್‌ಮನ್‌ಗಳು ಬಿಟ್ಟುಬಿಡುತ್ತಾರೆ. ಆಗ ನೇರ ದಾರಿ ತೆರೆಯುತ್ತದೆ.

ಆದರೆ ಎರಡೂ ಕಡೆ ನ್ಯಾಟ್ ಬಹಳ ಕಟ್ಟುನಿಟ್ಟಾಗಿದ್ದರೆ, ಅಥವಾ ಕಚೇರಿ, ಕ್ಯಾಂಪುಗಳ ಫೈರ್‌ವಾಲ್ ಅಡ್ಡ ಬಂದರೆ ಈ ಉಪಾಯ ನಡೆಯದು. ಆಗ 'ಟರ್ನ್' ಎಂಬ ಬಗೆಯ ಸರ್ವರ್ ಒಬ್ಬರ ಧ್ವನಿಯನ್ನು ಪಡೆದು ಇನ್ನೊಬ್ಬರಿಗೆ ದಾಟಿಸುತ್ತದೆ. ಆ ಸರ್ವರ್ ದೂರದ ದೇಶದಲ್ಲಿದ್ದರೆ ಮಾತು ತಡವಾಗಿ ಮುಟ್ಟುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಸಂಭಾಷಣೆ ಸಲೀಸು. ಅದಕ್ಕಿಂತ ಬಹಳ ಹೆಚ್ಚಾದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಕೆಲವು ದೇಶಗಳಲ್ಲಿ ಸರಕಾರದ ನಿಯಮದಿಂದಲೇ ಇಂಥ ಕರೆಗಳಿಗೆ ನಿರ್ಬಂಧವಿದೆ. ಅದು ಬೇರೆ ವಿಷಯ.

ಆರು ಮಂದಿ ಒಟ್ಟಿಗೆ ಜಪಸರ ಹೇಳಿದರೆ

ಆರು ಊರುಗಳಲ್ಲಿರುವ ಒಂದೇ ಕುಟುಂಬದವರು ವೀಡಿಯೊ ಕರೆಯಲ್ಲಿ ಸೇರಿ ಜಪಸರ ಹೇಳುತ್ತಾರೆ ಎನ್ನೋಣ. ಎಲ್ಲವೂ ನೇರ ಸಂಪರ್ಕವಾದರೆ ಪ್ರತಿ ಫೋನು ತನ್ನ ಚಿತ್ರವನ್ನು ಐದು ಬಾರಿ ಕಳುಹಿಸಬೇಕು. ಒಟ್ಟು 15 ಸಂಪರ್ಕಗಳು ಬೇಕು. ಹಳ್ಳಿಯ ದುರ್ಬಲ ಸಿಗ್ನಲ್ ಇದನ್ನು ತಾಳದು. ನಡುವೆ ಸರ್ವರ್ ಇದ್ದರೆ ಒಂದೇ ಪ್ರತಿ ಕಳುಹಿಸಿದರೆ ಸಾಕು, ಉಳಿದವರಿಗೆ ಹಂಚುವ ಕೆಲಸ ಅದರದ್ದು. ವಾಟ್ಸ್‌ಆ್ಯಪ್‌ನ ಗುಂಪು ಕರೆಗಳು ಸರ್ವರ್ ಮೂಲಕವೇ ಸಾಗುತ್ತವೆ.

ಹಾಗಾದರೆ ಗುಟ್ಟು ಉಳಿಯುತ್ತದೆಯೇ?

ನಡುವೆ ಸರ್ವರ್ ಇದ್ದ ಮಾತ್ರಕ್ಕೆ ಅದು ನಮ್ಮ ಮಾತನ್ನು ಕೇಳುತ್ತದೆ ಎಂದಲ್ಲ. ವಾಟ್ಸ್‌ಆ್ಯಪ್, ಸಿಗ್ನಲ್ ಕರೆಗಳಲ್ಲಿ ಧ್ವನಿಗೆ ಬೀಗ ಬೀಳುವುದು ಕಳುಹಿಸುವ ಫೋನಿನಲ್ಲಿ, ತೆರೆಯುವುದು ಪಡೆಯುವ ಫೋನಿನಲ್ಲಿ. ಕೀಲಿ ಸರ್ವರ್ ಬಳಿ ಇರುವುದಿಲ್ಲ. ಆದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು ಹೊತ್ತು ಕರೆ ನಡೆಯಿತು ಎಂಬುದು ಅದಕ್ಕೆ ತಿಳಿಯಬಹುದು.

ನೇರ ಕರೆಯಲ್ಲಿ ಇನ್ನೊಂದು ವಿಷಯವಿದೆ. ಅಲ್ಲಿ ನಮ್ಮ ಐಪಿ ವಿಳಾಸ ಎದುರಿನವರ ಫೋನಿಗೆ ತಿಳಿಯುತ್ತದೆ. ಅದರಿಂದ ನಾವಿರುವ ಊರನ್ನು ಸುಮಾರಾಗಿ ಊಹಿಸಬಹುದು. ಇದನ್ನು ಮರೆಮಾಡಲು 2023ರಲ್ಲಿ ವಾಟ್ಸ್‌ಆ್ಯಪ್ ಎಲ್ಲ ಕರೆಗಳನ್ನು ಸರ್ವರ್ ಮೂಲಕ ಕಳುಹಿಸುವ ಆಯ್ಕೆಯನ್ನು ನೀಡಿತು. ಅಪರಿಚಿತರ ಕರೆಗಳನ್ನು ಸ್ವೀಕರಿಸಬೇಕಾದವರಿಗೆ ಇದು ಉಪಯುಕ್ತ.

ಬೀಗ ಎಷ್ಟೇ ಭದ್ರವಿದ್ದರೂ ಅದು ಕಾಯುವುದು ದಾರಿಯನ್ನು ಮಾತ್ರ. ಎರಡು ತುದಿಗಳನ್ನು ಕಾಯಬೇಕಾದವರು ನಾವೇ. ಹತ್ತು ಮಂದಿಯ ಕೋಣೆಯಲ್ಲಿ ಸ್ಪೀಕರ್ ಹಾಕಿ ಮನೆಯ ಗುಟ್ಟು ಮಾತನಾಡಿದರೆ, ಅಪರಿಚಿತನ ಮಾತು ನಂಬಿ ಕರೆಯ ನಡುವೆ ಒಟಿಪಿ ತಿಳಿಸಿದರೆ, ಯಾವ ಸರ್ವರ್ ಕೂಡ ನಮ್ಮನ್ನು ಉಳಿಸಲಾರದು.